ಹಳ್ಳದ ಅಂಚಿನ ಎರಡು ಸಾಲು

ಕಳೆದ ಶ್ರಾವಣಮಾಸದಲ್ಲಿ ಒಂದು ಸಂಜೆ ಪುರಾಣವು ಮುಗಿದು ಮಂಗಳಾರತಿಯಾದ ಮೇಲೆ, ನಮ್ಮೂರಿನ ಸದ್ಗೃಹಸ್ಥರೊಬ್ಬರು ನನ್ನನ್ನು ಒತ್ತಟ್ಟಿಗೆ ಕರೆದು ಒಂದು ಪ್ರಶ್ನೆಯನ್ನು ಕೇಳಿದರು. ಹಳ್ಳಕೊಳ್ಳಗಳ ದಡವನ್ನು ಒತ್ತುವುದು ಪರಧನಾಪಹರಣಕ್ಕೆ ಸಮಾನವೆಂದು ನಾನು ಆ ದಿನ ಪ್ರಸಂಗವಶಾತ್ ಹೇಳಿದ್ದೆನು. ಅವರ ಹೊಲವು ಹಳ್ಳಕ್ಕೆ ಹತ್ತಿಕೊಂಡೇ ಇದೆ. "ಮಾಸ್ತರ, ನಾ ಎರಡು ಸಾಲು ಹೆಚ್ಚಿಗಿ ಬಿತ್ತಿದ್ರ ಊರು ಮುಳುಗತೈತೇನ್ರಿ? ಮಳಿ ಸುರಿಸಾಂವ ಶಿವ. ಡ್ಯಾಮಿನ ಗೇಟು ತೆಗಿಯಾವ್ರು ಸರಕಾರದಾವ್ರು. ನಡುವ ನಂದೇನ್ರೀ ಪಾಪ?" ಎಂದರು. ಮಾತಿನಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿ ತಿಳಿಯಬೇಕೆಂಬ ಹಂಬಲವಿದ್ದಿತು. ಆ ರಾತ್ರಿ ನನಗೆ ತಕ್ಕ ಉತ್ತರವು ತೋರಲಿಲ್ಲ. ವಾಚಕರಲ್ಲಿ ಬಹುಮಂದಿ ಒಕ್ಕಲುತನದವರಾದುದರಿಂದ, ಆ ಪ್ರಶ್ನೆಯನ್ನು ತಮ್ಮೆಲ್ಲರ ಮುಂದಿಟ್ಟೇ ವಿಚಾರಿಸುವೆನು.

ನಮ್ಮದು ಎರೆಯ ಸೀಮೆ. ಬೆಣ್ಣಿಹಳ್ಳವು ನವಲಗುಂದದ ಸುತ್ತಿನ ಈ ಸಮತಲವಾದ ಕರಿಯ ಭೂಮಿಯ ಮೇಲೆ ಹರಿದು ಮಲಪ್ರಭೆಯನ್ನು ಕೂಡುವುದು. ಮಲಪ್ರಭೆಯು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ಸುಮಾರು 300 ಕಿಲೋಮೀಟರು ನಡೆದು, ಕೂಡಲಸಂಗಮದಲ್ಲಿ ಕೃಷ್ಣೆಯೊಡನೆ ಒಂದಾಗುವುದು. ಯಾವ ಕ್ಷೇತ್ರವನ್ನು ನೆನೆದು ನಾವು ಕೈಮುಗಿಯುವೆವೋ ಆ ಕ್ಷೇತ್ರಕ್ಕೆ ನಮ್ಮ ಹೊಲದ ನೀರು ನಮಗಿಂತ ಮೊದಲೇ ಹೋಗಿ ಮುಟ್ಟುವುದೆಂಬುದನ್ನು ನಾವು ಎಂದಾದರೂ ಆಲೋಚಿಸಿರುವೆವೆ? ಅದರೊಡನೆ ನಾವು ಕಳುಹಿದುದೂ ಹೋಗಿ ಮುಟ್ಟುವುದು.

ಎರೆಭೂಮಿಯು ಬೇಸಿಗೆಯಲ್ಲಿ ಬಿರಿದು ಮೊದಲ ಮಳೆಯನ್ನೆಲ್ಲ ಕುಡಿಯುವುದು. ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡ ಬಳಿಕ ನೀರನ್ನು ಒಳಗೆ ಬಿಟ್ಟುಕೊಳ್ಳುವುದು ಅತ್ಯಲ್ಪ. ಇಳಿಜಾರೂ ಕಡಿಮೆಯಾದುದರಿಂದ ಇಲ್ಲಿಯ ಹಳ್ಳವು ಓಡಲಾರದು, ಹರಡುವುದು. ಮಲಪ್ರಭೆಯ ಕಥೆ ಬೇರೆ. ಸವದತ್ತಿಯ ಸಮೀಪದ ನವಿಲುತೀರ್ಥದಲ್ಲಿ ಅಣೆಕಟ್ಟಾದ ಮೇಲೆ ಕೆಳಗಿನ ಪಾತ್ರದಲ್ಲಿ ಅನೇಕ ವರ್ಷ ನೀರು ಕಾಣುವುದೇ ಅಪರೂಪವಾಯಿತು. ಬಾರದ ನೀರಿಗೆ ಇಷ್ಟಗಲದ ದಾರಿಯೇಕೆಂದು ಜನರು ಬಗೆದರು. ಪಾತ್ರದೊಳಕ್ಕೆ ಕಬ್ಬು ಇಳಿಯಿತು. ಕಬ್ಬು ಇಳಿಯದೆಡೆಯಲ್ಲಿ ಬಳ್ಳಾರಿಜಾಲಿ ಹಬ್ಬಿತು. ಒಂದು ತಲೆಮಾರಿನ ಕಣ್ಣಿನಿಂದ ಹೊಳೆಯ ನಿಜವಾದ ಅಗಲವೇ ಅಳಿಸಿಹೋಯಿತು. ಅನಂತರ 2009ನೆಯ ಸೆಪ್ಟೆಂಬರಿನ ಕೊನೆಗೂ ಅಕ್ಟೋಬರಿನ ಆದಿಗೂ ಸುರಿದ ಮಳೆಯಲ್ಲಿ ಕರ್ನಾಟಕದಲ್ಲಿ 200ಕ್ಕೂ ಮಿಕ್ಕ ಜನರು ಅಸುನೀಗಿದರು. 2019ನೆಯ ಆಗಸ್ಟಿನಲ್ಲಿ ಜಲಾಶಯವು ತುಂಬಿ ನೀರು ಬಿಟ್ಟಾಗ ನರಗುಂದ ತಾಲೂಕಿನ ಕೊಣ್ಣೂರು ಜಲಾವೃತವಾಯಿತು. ಪಟ್ಟದಕಲ್ಲಿನ ದೇವಾಲಯಗಳನ್ನು ಹೊಳೆಯು ಸುತ್ತುವರಿಯಿತು.

ಇನ್ನು ಪ್ರಶ್ನೆಗೆ ಬರೋಣ. ದಾಸೋಹದ ಕಣಜವೊಂದರಿಂದ ನೂರು ಮಂದಿ ಒಬ್ಬೊಬ್ಬರೂ ಒಂದೊಂದು ಬೊಗಸೆ ಜೋಳವನ್ನು ಒಯ್ದರೆಂದು ಭಾವಿಸಿರಿ. ಕಣಜವು ಬರಿದಾದ ದಿನ ಹಸಿದು ಬಂದವನಿಗೆ ಉತ್ತರ ಹೇಳತಕ್ಕವರು ಯಾರು? "ನನ್ನ ಒಂದು ಬೊಗಸೆಯಿಂದ ಕಣಜ ಬರಿದಾಗಲಿಲ್ಲ" ಎಂದು ನೂರು ಮಂದಿಯೂ ಹೇಳುವರು. ನೂರು ಮಂದಿಯ ಮಾತೂ ನಿಜವೇ. ನಿಜವಾದ ನೂರು ಮಾತುಗಳು ಕೂಡಿ ಒಂದು ಅನ್ಯಾಯವಾದ ಬಗೆ ಹೇಗೆ? ನನಗೆ ತೋರುವುದಿಷ್ಟು: ಅವರು ತಮ್ಮ ಕರ್ಮವನ್ನು ಅಳತೆಯಿಂದ ಎಣಿಸಿದರು, ಜಾತಿಯಿಂದ ಎಣಿಸಲಿಲ್ಲ. ಬೊಗಸೆಯು ಸಣ್ಣದಿರಬಹುದು, ಆದರೆ ಅದು ಯಾವ ಜಾತಿಯ ಕೃತ್ಯ? ಹಸಿದವನ ಪಾಲನ್ನು ತೆಗೆದ ಕೃತ್ಯ. ಎರಡು ಸಾಲು ಸಣ್ಣದಿರಬಹುದು. ಅದು ನೀರಿನ ದಾರಿಯನ್ನು ಮುಚ್ಚುವ ಕೃತ್ಯದ ಒಂದು ಭಾಗ. ಅಲ್ಲದೆ ಒಬ್ಬನ ಎರಡು ಸಾಲನ್ನು ಕಂಡು ನೆರೆಯವನಿಗೂ ಧೈರ್ಯ ಬರುವುದು, ಮತ್ತು ಈ ದಡವನ್ನು ಒತ್ತಿದರೆ ಪ್ರವಾಹವು ಎದುರಿನ ದಡವನ್ನು ಕೊರೆಯುವುದು. ಅಲ್ಲಿಗೆ ಕೃತ್ಯವು ಎರಡು ಸಾಲಿನಲ್ಲಿ ನಿಲ್ಲಲಿಲ್ಲವಷ್ಟೆ.

ಶಾಸ್ತ್ರಕಾರರು ಕರ್ಮಫಲವನ್ನು ದೃಷ್ಟವೆಂದೂ ಅದೃಷ್ಟವೆಂದೂ ವಿಭಾಗಿಸುವರು. ಕಣ್ಣಿಗೆ ಕಾಣುವ ಫಲವೊಂದು, ಕಾಣದ ಫಲವೊಂದು. ಹಳ್ಳದ ವಿಷಯದಲ್ಲಿ ವಿಚಿತ್ರವೇನೆಂದರೆ, ಒಂದೇ ಫಲವು ಮೇಲಿನ ಹೊಲದವನಿಗೆ ಅದೃಷ್ಟ, ಕೆಳಗಿನ ಕೇರಿಯವನಿಗೆ ದೃಷ್ಟ. ಪಾಪವು ಕಾಣುವುದಿಲ್ಲವೆಂದು ನಾವು ಹೇಳುವಾಗ, ನಮ್ಮ ಹೊಲದಲ್ಲಿ ನಿಂತು ಕಾಣುವುದಿಲ್ಲವೆಂದಷ್ಟೆ ಅದರ ಅರ್ಥ.

ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಸಹ್ಯಾದ್ರಿಯ ಮಳೆಯನ್ನು ನಾವಾರೂ ತಡೆಯಲಾರೆವು. ದಡಗಳು ಎಷ್ಟೇ ಚೊಕ್ಕಟವಾಗಿದ್ದರೂ 2019ರಂತಹ ನೆರೆಯು ದಡ ಮೀರುತ್ತಿದ್ದಿತು. ಹಳ್ಳವನ್ನು ಬಿಟ್ಟುಕೊಟ್ಟರೆ ಪ್ರವಾಹವೇ ಬಾರದೆಂದು ಹೇಳುವವನು ಮೋಸ ಮಾಡುವನು. ಆದರೆ ಮಣ್ಣಿನ ಗೋಡೆಯ ಬುಡದಲ್ಲಿ ನೀರು ಒಂದು ಹಗಲು ನಿಲ್ಲುವುದಕ್ಕೂ ಮೂರು ದಿನ ನಿಲ್ಲುವುದಕ್ಕೂ ಅಂತರವುಂಟು. ಆ ಅಂತರದಲ್ಲಿಯೇ ನಮ್ಮ ಪಾಲು ಅಡಗಿರುವುದು.

ಈಗ ನನ್ನ ಮನೆಯ ಮಾತು. ನಮ್ಮ ತೀರ್ಥರೂಪರು ಹಳ್ಳದ ಅಂಚಿಗೆ ಒಂದು ಪಟ್ಟಿಯನ್ನು ಉಳದೆ ಬಿಟ್ಟಿದ್ದರು. ಅಲ್ಲಿ ಲಕ್ಕಿಯ ಗಿಡಗಳು, ನಾಲ್ಕಾರು ಹೊಂಗೆ, ಮೊಳಕಾಲೆತ್ತರದ ಹುಲ್ಲು. ಅವರು ಲಿಂಗೈಕ್ಯರಾದ ಮೇಲೆ, 2003ರ ಬರಗಾಲದಲ್ಲಿ, ತಮ್ಮನು ಆ ಪಟ್ಟಿಯನ್ನು ಹಸನು ಮಾಡೋಣವೆಂದನು, ನಾನು ಬೇಡವೆನ್ನಲಿಲ್ಲ. ನಿತ್ಯವೂ ಮಕ್ಕಳಿಗೆ ಅಪರಿಗ್ರಹವನ್ನು ಬೋಧಿಸುವ ಬಾಯಿ ಆ ದಿನ ಮುಚ್ಚಿಕೊಂಡಿದ್ದಿತು. 2009ರಲ್ಲಿ ಹಳ್ಳವು ಆ ಪಟ್ಟಿಯನ್ನಷ್ಟೇ ಅಲ್ಲದೆ ಅದರ ಹಿಂದಿನ ಒಳ್ಳೆಯ ಮಣ್ಣನ್ನೂ ಬಳಿದುಕೊಂಡು ಹೋಯಿತು. ಹುಲ್ಲಿನ ಬೇರು ಹಿಡಿದಿದ್ದ ದಡವನ್ನು ನಾವೇ ಸಡಿಲಿಸಿದ್ದೆವು. ಆದರೂ ಬುದ್ಧಿ ಬರಲಿಲ್ಲ. ಮತ್ತೆ ಮಣ್ಣು ತುಂಬಿ ಬಿತ್ತಿದೆವು. 2019ರಲ್ಲಿ ಕೆಳಗಿನ ಕೇರಿಯ ಮನೆಗಳೊಳಗೆ ನೀರು ಹೊಕ್ಕು ನಿಂತಿತು. ಮನೆ ಬಿದ್ದವರು ನಾನು ಪಾಠ ಹೇಳುವ ಕೋಣೆಯಲ್ಲಿ ಹನ್ನೊಂದು ದಿನವಿದ್ದರು. ಅವರಲ್ಲಿ ಒಬ್ಬ ಮುದುಕಿ, ನಮ್ಮ ಹೊಲದಲ್ಲಿಯೇ ಕಳೆ ತೆಗೆದವಳು, ನನ್ನನ್ನು ಕಂಡು ಕೇಳಿದ ಮಾತು ಒಂದೇ: "ನಿಮ್ಮ ಪೀಕು ಉಳೀತೇನ್ರೀ ಯಪ್ಪಾ?" ಆಕೆ ಆಪಾದನೆ ಮಾಡಿದ್ದರೆ ನಾನು ಸಮಾಧಾನ ಹೇಳಿಕೊಳ್ಳಬಹುದಾಗಿದ್ದಿತು.

ಎರಡೆಕರೆಯ ಬಡ ಒಕ್ಕಲಿಗನಿಗೆ ಎರಡು ಸಾಲು ಎಂದರೆ ಮಕ್ಕಳ ರೊಟ್ಟಿ. ಅವನಿಗೆ ಉಪದೇಶ ಮಾಡುವ ಮೊದಲು ದೊಡ್ಡ ಹಿಡುವಳಿಯವರೂ, ಸಂಸ್ಥೆಗಳ ಜಮೀನು ನೋಡಿಕೊಳ್ಳುವವರೂ ತಮ್ಮ ಒತ್ತುವರಿಯನ್ನು ಬಿಡತಕ್ಕದ್ದು. ಜಾತ್ರೆಯ ಮರುದಿನ ಪ್ಲಾಸ್ಟಿಕ್ಕಿನ ತಾಟು, ಲೋಟಗಳನ್ನು ಹಳ್ಳಕ್ಕೆ ನೂಕಿದುದನ್ನು ನಾನು ಕಣ್ಣಾರೆ ಕಂಡಿರುವೆನು. ಅವು ಹೋಗಿ ಸೇತುವೆಯ ಕೊಳವೆಗಳಿಗೆ ಬಿರಡೆಯಂತೆ ಬಡಿದುಕೊಳ್ಳುವುವು. ಉಣ್ಣುವವನಿಗೆ ಅನ್ನವನ್ನಿತ್ತು ಕೆಳಗಿನವನ ಮನೆಗೆ ನೀರನ್ನು ನುಗ್ಗಿಸುವ ದಾಸೋಹವನ್ನು ಏನೆಂದು ಕರೆಯಬೇಕೋ ಬಲ್ಲವರು ಹೇಳಲಿ.

ಹಳ್ಳದ ಅಗಲವೆಷ್ಟೆಂಬುದಕ್ಕೆ ಜಗಳವಾಡಬೇಕಾಗಿಲ್ಲ. ಗ್ರಾಮದ ನಕಾಶೆಯಲ್ಲಿ ಅದು ಗುರುತಾಗಿದೆ. ಹಳ್ಳ, ದಾರಿ ಮುಂತಾದ ಸಾರ್ವಜನಿಕ ಭೂಮಿಯನ್ನು ಕಂದಾಯದ ದಾಖಲೆಗಳು 'ಬ ಖರಾಬು' ಎಂದು ಕರೆಯುವುವು. ಬೇಸಿಗೆಯಲ್ಲಿ ಹಳ್ಳವು ಒಣಗಿದ್ದಾಗ ಹತ್ತು ಜನರು ಕೂಡಿ ನಕಾಶೆ ಹಿಡಿದು ನಡೆದು ನೋಡುವುದು ಒಂದು ದಿನದ ಕೆಲಸ. ಜಾಲಿಯನ್ನು ಪಾತ್ರದೊಳಗಿಂದ ಬೇರುಸಹಿತ ಕೀಳಬೇಕು; ದಡದ ಮೇಲಿನ ಹುಲ್ಲು, ಲಕ್ಕಿ, ಹೊಂಗೆಗಳನ್ನು ಮುಟ್ಟಬಾರದು. ಚೊಕ್ಕಟವೆಂದರೆ ಬೋಳಿಸುವುದೆಂದು ನಮ್ಮವರು ತಿಳಿದಿರುವುದೇ ಒಂದು ತೊಡಕು. ಹೊಲದ ಒಡ್ಡುಗಳನ್ನು ಸರಿಯಾಗಿರಿಸಿಕೊಂಡರೆ ಮಣ್ಣು ಹೊಲದಲ್ಲಿಯೇ ನಿಲ್ಲುವುದು, ಹಳ್ಳದಲ್ಲಿ ಹೂಳು ಕಡಿಮೆಯಾಗುವುದು.

ಸಿದ್ಧತೆಯ ವಿಷಯವನ್ನೂ ಹೇಳಿಬಿಡುವೆನು. ನಮ್ಮ ಶಾಲೆಯ ಗೋಡೆಯ ಮೇಲೆ 2009ರ ಮತ್ತು 2019ರ ನೀರಿನ ಮಟ್ಟವನ್ನು ಸುಣ್ಣದ ಗೆರೆಯಿಂದ ಬರೆದಿರುವೆವು. ಮಕ್ಕಳು ತಮ್ಮ ಎತ್ತರವನ್ನು ಅದಕ್ಕೆ ಹೋಲಿಸಿ ನೋಡಿಕೊಳ್ಳುವರು. ಡಂಗುರ ಕೇಳಿದ ಕೂಡಲೇ ಯಾರ ಮನೆಯ ಮುದುಕರನ್ನು ಯಾರು ಎತ್ತಿಕೊಂಡು ಹೋಗಬೇಕೆಂಬುದನ್ನು ಮುಂಗಾರಿಗೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ದನಗಳ ಹಗ್ಗವನ್ನು ಬಿಚ್ಚಿಬಿಡಬೇಕು. ಗೂಟಕ್ಕೆ ಕಟ್ಟಿದ ದನವು ಈಜಲಾರದು. ಪಹಣಿ, ರೇಶನ್ ಕಾರ್ಡು, ಆಧಾರ್‌ಗಳು ಒಂದೇ ಗಂಟಿನಲ್ಲಿರಲಿ. ಹಗೇವಿನ ಜೋಳವನ್ನು ಮಳೆಗಾಲಕ್ಕೆ ಮೊದಲು ಮೇಲೆ ತರುವುದು ಲೇಸು. ಜಿಲ್ಲೆಯ ಸಹಾಯವಾಣಿ 1077. ನೀರು ಇಳಿದ ಮೇಲೆ ಮಣ್ಣಿನ ಮನೆಗೆ ತವಕದಿಂದ ಹೋಗಬಾರದು. ನೆನೆದ ಗೋಡೆಯು ಬಿಸಿಲು ಬಿದ್ದ ಬಳಿಕವೂ ಕುಸಿಯುವುದುಂಟು. ಬಾವಿಯ ನೀರನ್ನು ಕಾಯಿಸದೆ ಕುಡಿಯಲಾಗದು.

ಸೊನ್ನಲಿಗೆಯ ಸಿದ್ಧರಾಮೇಶ್ವರರು ಹನ್ನೆರಡನೆಯ ಶತಮಾನದಲ್ಲಿ ತೋಡಿಸಿದ ಕೆರೆಯು ಇಂದಿಗೂ ಸೊಲ್ಲಾಪುರದ ನಡುವೆ ಇರುವುದು. ಕೆರೆ ಕಟ್ಟಿದವರನ್ನು ನಾಡು ನೆನೆಯುವುದು, ಶಿಲಾಶಾಸನಗಳು ಹೊಗಳುವುವು. ಹಳ್ಳಕ್ಕೆ ದಾರಿ ಬಿಟ್ಟು ಸುಮ್ಮನಿದ್ದವರಿಗೆ ಶಾಸನವಿಲ್ಲ. ನಮ್ಮ ತೀರ್ಥರೂಪರು ಬಿಟ್ಟ ಪಟ್ಟಿಯು ಅವರು ಹೋಗುವವರೆಗೆ ನನ್ನ ಕಣ್ಣಿಗೂ ಬೀಳು ಭೂಮಿಯಾಗಿಯೇ ಕಂಡಿದ್ದಿತು.

ಹೋದ ವೈಶಾಖದಲ್ಲಿ ನಾನೂ ತಮ್ಮನೂ ನಕಾಶೆಯಂತೆ ಅಳೆದು ಆ ಪಟ್ಟಿಯನ್ನು ಬಿಟ್ಟುಕೊಟ್ಟೆವು. ಲಕ್ಕಿಯ ಕಡ್ಡಿಗಳನ್ನು ನೆಟ್ಟಿದ್ದು ಅರ್ಧದಷ್ಟು ಚಿಗುರಿವೆ. ಪ್ರಶ್ನೆ ಕೇಳಿದ ಗೃಹಸ್ಥರಿಗೆ ಇದನ್ನೆಲ್ಲ ಹೇಳಿದೆನು. ಅವರು ತಲೆದೂಗಿದರು, ಆದರೆ ಹೂಂ ಎನ್ನಲಿಲ್ಲ, ಉಹುಂ ಎನ್ನಲಿಲ್ಲ. ಮರುದಿನ ಮುಂಜಾನೆ ನಮ್ಮ ಅಳತೆಯ ಹಗ್ಗವನ್ನು ಕೇಳಿ ಪಡೆದುಕೊಂಡು ಹೋಗಿರುವರು. ಅದು ಇನ್ನೂ ಅವರಲ್ಲಿಯೇ ಇದೆ.