ಅನುಕ್ತಜ್ಞಾನ

ಅಮೆರಿಕದ ಮಿನ್ನೆಸೋಟ ಸಂಸ್ಥಾನದ ಉತ್ತರದಂಚಿನಲ್ಲಿ, ಕೆನಡಾದ ಗಡಿಯನ್ನು ತಾಗಿಕೊಂಡು, ಸಾವಿರಕ್ಕೂ ಮಿಕ್ಕ ಸರೋವರಗಳನ್ನು ಒಡಲಲ್ಲಿಟ್ಟುಕೊಂಡ ಮಹಾರಣ್ಯವೊಂದುಂಟು. ಬೌಂಡರಿ ವಾಟರ್ಸ್ ಎಂದು ಅದರ ಹೆಸರು. 1964ರ ವನ್ಯಪ್ರದೇಶ ಶಾಸನದ ರಕ್ಷೆಗೆ ಒಳಪಟ್ಟ ಆ ಸೀಮೆಯ ಬಹುಭಾಗದಲ್ಲಿ ಯಂತ್ರದೋಣಿಗೆ ಎಡೆಯಿಲ್ಲವಾದುದರಿಂದ, ಅಲ್ಲಿಗೆ ಹೋಗುವವರು ಕೆನೂ ಎಂಬ ಹಗುರವಾದ, ಎರಡು ಕೊನೆಗಳೂ ಚೂಪಾದ ದೋಣಿಯಲ್ಲಿ ಕುಳಿತು ಕೈಯಿಂದಲೇ ಹುಟ್ಟುಹಾಕಬೇಕು. ನೀರು ಮುಗಿದೆಡೆ ಅದೇ ದೋಣಿಯನ್ನು ಹೆಗಲಿಗೇರಿಸಿ ಕಾಲುಹಾದಿಯಲ್ಲಿ ಮುಂದಿನ ಸರೋವರಕ್ಕೆ ನಡೆಯಬೇಕು. ಇಂಥ ಯಾತ್ರೆಗೆ ಎಳೆಯ ಮಕ್ಕಳನ್ನೂ ಕರೆದೊಯ್ಯುವುದುಂಟು. ಆಗ ಮಗು ಮುಂದಿನ ಪೀಠದಲ್ಲಿ, ತಂದೆಯೋ ತಾಯಿಯೋ ಹಿಂದಿನದರಲ್ಲಿ. ಏಕೆಂದರೆ ದೋಣಿಯ ದಿಕ್ಕನ್ನು ಆಳುವುದು ಹಿಂದಿನ ಹುಟ್ಟು. ಜ್ಞಾನಮೀಮಾಂಸೆಯ ಒಂದು ಗಹನವಾದ ವಿಚಾರವನ್ನು ತಿಳಿಯಲು ಇದಕ್ಕಿಂತ ಉತ್ತಮವಾದ ಸನ್ನಿವೇಶವನ್ನು ನಾನು ಕಾಣೆ.

ಆ ವಿಚಾರವನ್ನು ವಿಶದಪಡಿಸಿದವನು ಮೈಕೇಲ್ ಪೊಲಾನ್ಯಿ. 1891ರಲ್ಲಿ ಬುಡಾಪೆಸ್ಟಿನಲ್ಲಿ ಹುಟ್ಟಿ, ರಸಾಯನವಿಜ್ಞಾನಿಯಾಗಿ ಹೆಸರಾಂತು, 1933ರಲ್ಲಿ ಜರ್ಮನಿಯನ್ನು ತೊರೆದು ಮ್ಯಾಂಚೆಸ್ಟರಿಗೆ ಬಂದ ಆತ, ವಯಸ್ಸು ಮಾಗಿದ ಮೇಲೆ ತತ್ತ್ವಶಾಸ್ತ್ರಕ್ಕೆ ತಿರುಗಿ, 1958ರಲ್ಲಿ 'ಪರ್ಸನಲ್ ನಾಲೆಜ್' ಎಂಬ ಗ್ರಂಥವನ್ನು ಪ್ರಕಟಿಸಿದನು. ಮನುಷ್ಯನ ಅರಿವೆಲ್ಲವೂ ವಾಕ್ಯಗಳಲ್ಲಿ ಅಡಗತಕ್ಕದ್ದಲ್ಲ. ಉಕ್ತವಾದ ಜ್ಞಾನವೂ ಉಕ್ತವಾಗದ ಒಂದು ಜ್ಞಾನವನ್ನು ಆಶ್ರಯಿಸಿಯೇ ನಿಂತಿರುತ್ತದೆ ಎಂಬುದು ಆತನ ಸಿದ್ಧಾಂತ.

ಹಿಂದಿನ ಪೀಠದಲ್ಲಿ ಕುಳಿತವನು ಬಲಗಡೆ ನೀರನ್ನು ಸೆಳೆದರೆ ದೋಣಿಯ ಮೂತಿ ಎಡಕ್ಕೆ ಹೊರಳುತ್ತದೆ. ಅದನ್ನು ನೇರ್ಪಡಿಸಲು ಸೆಳೆತದ ಕೊನೆಯಲ್ಲಿ, ಮೇಲಿನ ಕೈಯ ಹೆಬ್ಬೆರಳು ಕೆಳಮೊಗವಾಗುವಂತೆ ಮಣಿಕಟ್ಟನ್ನು ತಿರುಚಿ, ಹುಟ್ಟಿನ ಅಲಗನ್ನು ಹೊರಕ್ಕೆ ಒತ್ತಬೇಕು. ನಿಯಮವನ್ನು ಬರೆದದ್ದಾಯಿತು; ಆದರೆ ಎಷ್ಟು ಒತ್ತಬೇಕು, ಯಾವ ಕ್ಷಣದಲ್ಲಿ ಒತ್ತಬೇಕು, ಅಡ್ಡಗಾಳಿ ಬೀಸಿದರೆ ಮಾಡತಕ್ಕದ್ದೇನು ಎಂಬುದನ್ನು ನುರಿತ ತಂದೆಯೂ ಹೇಳಲಾರನು, ಆದರೂ ಅವನ ಕೈ ತಪ್ಪುವುದಿಲ್ಲ. ಅವನ ಗಮನ ನೆಟ್ಟಿರುವುದು ದೂರದ ದಡದ ಮೇಲೆ. ಅಂಗೈಗೆ ತಾಗುವ ನೀರಿನ ಒತ್ತಡವೂ ಮೊಣಕಾಲ ಕೆಳಗಿನ ದೋಣಿಯ ತುಯ್ತವೂ ಅವನಿಗೆ ತಿಳಿಯುತ್ತಿರುವುವಾದರೂ, ಅವನು ಅವುಗಳನ್ನು ನೋಡುವುದಿಲ್ಲ, ಅವುಗಳ ಮೂಲಕ ದಡವನ್ನು ನೋಡುತ್ತಾನೆ. ದಡದ ಮೇಲಿನದು ಪ್ರಧಾನ ಅವಧಾನ, ಒತ್ತಡ ತುಯ್ತಗಳದು ಉಪಕಾರಕ ಅವಧಾನ. ಮಣಿಕಟ್ಟನ್ನೇ ನಿಟ್ಟಿಸತೊಡಗಿದನೆಂದರೆ ಸೆಳೆತ ಕೆಡುತ್ತದೆ.

ಹೇಳಲಾಗದ ಈ ಅರಿವು ಮಗುವಿಗೆ ಸಲ್ಲುವುದೆಂತು? ಕಲಿಸುವವನನ್ನು ನಂಬಿ, ಕಾರಣವನ್ನು ಕೇಳುವ ಮೊದಲೇ ಅವನನ್ನು ಅನುಸರಿಸುವವನು, ಅವನಿಗೇ ತಿಳಿಯದ ನಿಯಮಗಳನ್ನೂ ಗ್ರಹಿಸಿಬಿಡುತ್ತಾನೆ ಎಂದು ಪೊಲಾನ್ಯಿಯ ಉತ್ತರ. ಸ್ವತಂತ್ರಬುದ್ಧಿಯನ್ನು ಆರಾಧಿಸುವ ಯುಗಕ್ಕೆ ಈ ಮಾತು ರುಚಿಸದಿರಬಹುದು. ನನಗಾದರೋ ಸಿದ್ಧಾಂತದ ಹೃದಯವೇ ಇದು. ಮುಂದೆ ಕುಳಿತ ಮಗುವಿಗೆ ಹಿಂದಿನ ತಂದೆ ಕಾಣುವುದೇ ಇಲ್ಲವೆಂಬುದನ್ನು ಗಮನಿಸಬೇಕು. ಹೊರಳಹೊರಟ ಮೂತಿ ಮತ್ತೆ ನೆಟ್ಟಗಾಗುವ ಬಗೆಯನ್ನೂ, ಬಂಡೆಯ ಬಳಿ ದೋಣಿ ಪಕ್ಕಕ್ಕೆ ಜಾರುವ ಬಗೆಯನ್ನೂ ಅದು ಮೈಯಿಂದಲೇ ತಿಳಿಯುತ್ತದೆ. ಮುಂದೊಂದು ವರ್ಷ ಹಿಂದಿನ ಪೀಠ ತನ್ನದಾದಾಗ, ಸರಿಯಾದ ಸೆಳೆತ ದೋಣಿಯನ್ನು ಹೇಗೆ ನಡೆಸುತ್ತದೆಂಬುದು ಅದಕ್ಕೆ ಮೊದಲೇ ಗೊತ್ತು. ಕೈ ಅದನ್ನು ಅರಸಿಕೊಳ್ಳುವುದಷ್ಟೇ ಉಳಿದ ಕೆಲಸ.

ಹಾಗಾದರೆ ಪಾಠಗಳು ವ್ಯರ್ಥವೆ? ಅಲ್ಲ. ಕೆನಡಾದ ಚಿತ್ರನಿರ್ದೇಶಕ ಬಿಲ್ ಮೇಸನ್ 1977ರಲ್ಲಿ, ಮಗನೊಡನೆ ತಾನೇ ಹುಟ್ಟುಹಾಕುತ್ತ, 'ಪಾತ್ ಆಫ್ ದಿ ಪ್ಯಾಡಲ್' ಚಿತ್ರಮಾಲೆಯಲ್ಲಿ ಈ ಸೆಳೆತಗಳನ್ನು ವಿಂಗಡಿಸಿ ತೋರಿಸಿದನು. ನಿಯಮಗಳನ್ನು ಪೊಲಾನ್ಯಿಯೂ ಅಲ್ಲಗಳೆಯಲಿಲ್ಲ. ಕೈ ಆಗಲೇ ಚೆನ್ನಾಗಿ ಪಳಗಿದವನಿಗೇ ಅವು ಅರ್ಥಕೊಡುವುವೆಂದನು. ಒಂದು ತಲೆಮಾರು ಬಳಕೆ ತಪ್ಪಿದ ಕಲೆ ಪೂರ್ತಿ ನಷ್ಟವಾಗುತ್ತದೆ ಎಂದು ಆತ ಎಚ್ಚರಿಸಿದುದೂ ಈ ಕಾರಣದಿಂದಲೇ. ಭೂರ್ಜದ ತೊಗಟೆಯಿಂದ ಕೆನೂ ಕಟ್ಟುವ ಆದಿವಾಸಿಗಳ ವಿದ್ಯೆ ಕ್ಷೀಣಿಸುತ್ತಿದ್ದ 1880ರ ದಶಕದ ಕೊನೆಯಲ್ಲಿ, ಟಪ್ಪನ್ ಆಡ್ನಿ ಎಂಬ ತರುಣನು ಕೆನಡಾದ ನ್ಯೂ ಬ್ರನ್ಸ್‌ವಿಕ್ಕಿನಲ್ಲಿ ಮಾಲಿಸೀಟ್ ಕುಲದ ಕುಶಲಿಯೊಬ್ಬನ ಪಕ್ಕದಲ್ಲಿ ಕುಳಿತು ತಾನೂ ಒಂದು ದೋಣಿಯನ್ನು ಕಟ್ಟಿದನು; ಇಂದು ವರ್ಜೀನಿಯದ ನಾವಿಕ ವಸ್ತುಸಂಗ್ರಹಾಲಯದಲ್ಲಿರುವ, ಆತ ರಚಿಸಿದ ನೂರಕ್ಕೂ ಮಿಕ್ಕ ಪುಟ್ಟ ಮಾದರಿಗಳು ಆಮೇಲೆ ಬಂದುವು.