ಸವೆದ ನಾಣ್ಯವೂ ವಿಸ್ಮಯವೆಂಬ ಅತಿಚಾರವೂ



ಶ್ರಾವಕನ ಐದು ಅಣುವ್ರತಗಳಲ್ಲಿ ಕೊನೆಯದಾದ ಪರಿಗ್ರಹ ಪರಿಮಾಣವು ಸ್ವೀಕರಿಸಲು ಸುಲಭವಾದದ್ದು, ಪಾಲಿಸಲು ಕಠಿಣವಾದದ್ದು. ಹೊಲಮನೆಗಳಿಗೆ, ಬೆಳ್ಳಿಬಂಗಾರಗಳಿಗೆ, ಧನಧಾನ್ಯಗಳಿಗೆ ಇಷ್ಟೇ ಎಂದು ಮಿತಿಯನ್ನು ಬರೆದಿಟ್ಟು ನಡೆಯುವ ಗೃಹಸ್ಥರು ನಮ್ಮಲ್ಲಿ ಇಂದಿಗೂ ಇದ್ದಾರೆ. ಆದರೆ ಇಷ್ಟು ಬೆಲೆಯದೆಂದು ಮೊದಲೇ ಹೇಳಲಾಗದ ವಸ್ತುವೊಂದು ಪೆಟ್ಟಿಗೆಯೊಳಗೆ ಇದ್ದರೆ ಅದನ್ನು ಆ ಮಿತಿಯಲ್ಲಿ ಹೇಗೆ ಎಣಿಸಬೇಕು? ಹಳೆಯ ನಾಣ್ಯಗಳ ಹರಾಜು ಮೊಬೈಲ್ ಪರದೆಯ ಮೂಲಕ ಪ್ರತಿ ಮನೆಯ ಹೊಸ್ತಿಲಿಗೂ ಬಂದು ನಿಂತಿರುವ ಈ ದಿನಗಳಲ್ಲಿ, ಅಕ್ಷರವೂ ಚಿತ್ರವೂ ಸವೆದುಹೋದ ನಾಣ್ಯಕ್ಕೆ ಯಾರೂ ನಿರೀಕ್ಷಿಸದ ಬೆಲೆ ಏರುವುದನ್ನು ಕಾಣುತ್ತೇವೆ. ಈ ಸಂಗತಿಯನ್ನು ವ್ರತದ ಬೆಳಕಿನಲ್ಲಿ ವಿಚಾರ ಮಾಡುವುದು ಉಚಿತವೆಂದು ತೋರುತ್ತದೆ.

ಕೋಲಾರ ಚಿನ್ನದ ಗಣಿ ಹಾಗೂ ಬಂಗಾರಪೇಟೆಯ ಸೀಮೆಯವರಿಗೆ ಲೋಹದ ಬೆಲೆಯನ್ನು ಹೊಸದಾಗಿ ಕಲಿಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಮತ್ತು ಸನ್ಸ್ ಸಂಸ್ಥೆಯವರ ಕೈಗೆ ಬಂದ ಈ ಗಣಿಗಳು ನೂರಿಪ್ಪತ್ತು ವರ್ಷಗಳ ಕಾಲ ಭೂಮಿಯನ್ನು ಮೂರು ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಅಗೆದವು. ಅದಿರಿನಲ್ಲಿ ಚಿನ್ನದ ಅಂಶ ಕ್ಷೀಣಿಸಿ, ತೆಗೆಯುವ ವೆಚ್ಚವು ಸಿಗುವ ಚಿನ್ನದ ಬೆಲೆಯನ್ನು ಮೀರಿದಾಗ, 2001ರ ಫೆಬ್ರವರಿ 28ರಂದು ಕೆಲಸ ನಿಂತಿತು. ಅಲ್ಲಿ ಬೆಲೆಗೆ ಒಂದು ಅಳತೆಯಿತ್ತು: ಟನ್ನಿಗೆ ಇಷ್ಟು ಗ್ರಾಂ, ಗ್ರಾಮಿಗೆ ಇಷ್ಟು ರೂಪಾಯಿ. ಆ ಲೆಕ್ಕ ತಪ್ಪಿದಾಗ ಭೂಗರ್ಭದ ಚಿನ್ನವನ್ನೂ ಬಿಟ್ಟು ಮೇಲೆ ಬರಬೇಕಾಯಿತು.

ನಾಣ್ಯಕ್ಕೂ ಒಂದು ಕಾಲದಲ್ಲಿ ಅಂಥದೇ ಅಳತೆಯಿತ್ತು. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಸರಿಯಾಗಿ ಒಂದು ತೊಲ, ಎಂದರೆ 11.66 ಗ್ರಾಂ ತೂಗುತ್ತಿತ್ತು. ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. 1906ರ ನಾಣ್ಯ ಕಾಯಿದೆಯಂತೆ, ನಿಯತ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಹೆಚ್ಚು ಸವೆದ ರೂಪಾಯಿಯನ್ನು ಸ್ವೀಕರಿಸಲೇಬೇಕೆಂಬ ನಿರ್ಬಂಧ ಯಾರಿಗೂ ಇರಲಿಲ್ಲ. ಸುಮಾರು ಕಾಲು ಗ್ರಾಂ ಸವೆದರೆ ಸಾಕು, ಅದು ನಾಣ್ಯವೆಂಬ ಪದವಿಯಿಂದ ಇಳಿದು ಬರಿಯ ಬೆಳ್ಳಿಯಾಗುತ್ತಿತ್ತು. ಅಂದು ಸವೆತದ ಕಾರಣದಿಂದಲೇ ತಿರಸ್ಕೃತವಾಗುತ್ತಿದ್ದ ನಾಣ್ಯವನ್ನು ಇಂದು ಅದರ ಬೆಳ್ಳಿಯ ಅನೇಕ ಪಾಲು ಬೆಲೆ ಕೊಟ್ಟು ಕೊಳ್ಳುತ್ತಾರೆ. ಹಾಗಾದರೆ ಹೆಚ್ಚಾದ ಬೆಲೆ ಎಲ್ಲಿಂದ ಬಂದಿತು? ಲೋಹದಿಂದಂತೂ ಬಂದಿಲ್ಲ.

ಇದಕ್ಕೆ ಲೋಕದಲ್ಲಿ ಕಾರಣಗಳು ಹಲವು. ಮೊದಲನೆಯದು ವಿರಳತೆ. 1911ರಲ್ಲಿ ಐದನೆಯ ಜಾರ್ಜ್ ದೊರೆಯ ಉಡುಪಿನ ಮೇಲಿದ್ದ ಆನೆಯ ಚಿತ್ರವು ಜನರ ಕಣ್ಣಿಗೆ ಹಂದಿಯಂತೆ ಕಂಡು ಅಸಮಾಧಾನ ಉಂಟಾಯಿತು. ಆ ರೂಪಾಯಿಗಳನ್ನು ಹಿಂತೆಗೆದುಕೊಂಡು, 1912ರಲ್ಲಿ ಚಿತ್ರವನ್ನು ತಿದ್ದಿ ಹೊಸದಾಗಿ ಟಂಕಿಸಿದರು. 1939ರ ರೂಪಾಯಿಯೂ ವಿರಳವಾದದ್ದು. ಅದರ ಮರುವರ್ಷವೇ ಬೆಳ್ಳಿಯ ಅಂಶವನ್ನು ಅರ್ಧಕ್ಕೆ ಇಳಿಸಲಾಯಿತು. ಇಸವಿಯ ಕ್ರಮದಲ್ಲಿ ನಾಣ್ಯಗಳನ್ನು ಕೂಡಿಸುವವನ ಸಂಪುಟದಲ್ಲಿ ಇಂಥ ಒಂದು ಇಸವಿಯ ಸ್ಥಾನ ಖಾಲಿ ಉಳಿದರೆ, ನಾಣ್ಯ ಎಷ್ಟು ಸವೆದಿದ್ದರೂ ಅಂಕೆಯೊಂದು ಓದುವಂತಿದ್ದರೆ ಸಾಕೆಂದು ಅವನು ಹಣ ಹೂಡುತ್ತಾನೆ.

ಎರಡನೆಯದು ಹರಾಜಿನ ಕ್ರಮ. ಇಂಥ ಅನೇಕ ಹರಾಜುಗಳಲ್ಲಿ ಪ್ರತಿಯೊಬ್ಬನೂ ತನ್ನ ಗರಿಷ್ಠ ಬೆಲೆಯನ್ನು ಮೊದಲೇ ಒಪ್ಪಿಸಿಡಬಹುದು. ಎರಡನೆಯವನ ಗರಿಷ್ಠ ಬೆಲೆಗಿಂತ ಒಂದು ಮೆಟ್ಟಿಲು ಮೇಲಕ್ಕೆ ಬೆಲೆ ತಾನಾಗಿಯೇ ಏರಿ ನಿಲ್ಲುತ್ತದೆ. ಸಾವಿರ ಜನ ನಿರಾಸಕ್ತರಾಗಿದ್ದರೂ ಹಠ ಹಿಡಿದ ಇಬ್ಬರಿದ್ದರೆ ಬೆಲೆ ಆಕಾಶಕ್ಕೇರಬಹುದು. ನಾವು ನೋಡಿ ಬೆರಗಾಗುವ ಬೆಲೆಯು ಲೋಕದ ಬೆಲೆಯಲ್ಲ, ಇಬ್ಬರ ಹಠದ ಅಳತೆ. ಎಲ್ಲರಿಗಿಂತ ಹೆಚ್ಚಾಗಿ ಬೆಲೆಕಟ್ಟಿದವನೇ ಗೆಲ್ಲುವುದರಿಂದ, ಗೆದ್ದವನೇ ತಪ್ಪಾಗಿ ಬೆಲೆಕಟ್ಟಿರುವ ಸಂಭವವೂ ಹೆಚ್ಚು. ಆ ಮೇಲೆ ಹರಾಜುದಾರರ ಕಮಿಷನ್ನನ್ನೂ ತೆರಿಗೆಯನ್ನೂ ಅವನೇ ತೆರಬೇಕಾಗುತ್ತದೆ.

ಮೂರನೆಯದು ಇನ್ನೂ ವಿಚಿತ್ರವಾದದ್ದು. ಅಮೆರಿಕದಲ್ಲಿ ಷೆಲ್ಡನ್ ಎಂಬಾತ 1949ರಲ್ಲಿ ನಾಣ್ಯದ ಸ್ಥಿತಿಯನ್ನು 1ರಿಂದ 70ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿಯನ್ನು ತಂದನು. ಎಪ್ಪತ್ತು ಕಳಂಕವಿಲ್ಲದ್ದು, ಒಂದು ಗುರುತು ಹಿಡಿಯಲಷ್ಟೇ ಸಾಧ್ಯವಾಗುವಷ್ಟು ಸವೆದದ್ದು. ಮೊದಮೊದಲು ಎಲ್ಲರೂ ಮೇಲಿನ ಅಂಕಕ್ಕಾಗಿ ಸ್ಪರ್ಧಿಸಿದರು. ಬರುಬರುತ್ತಾ ಕೆಲವರು ಅತ್ಯಂತ ಸವೆದ ನಾಣ್ಯಗಳ ಸಂಪುಟ ಯಾರದೆಂದು ಸ್ಪರ್ಧೆಗಿಳಿದರು. ಅದರಿಂದ ಒಂದು ಅಂಕದ ನಾಣ್ಯವು ತನಗಿಂತ ಕಡಿಮೆ ಸವೆದ ಅದೇ ಬಗೆಯ ನಾಣ್ಯಕ್ಕಿಂತ ಹೆಚ್ಚಿನ ಬೆಲೆಗೆ ಹೋಗುವುದುಂಟು. ಹೊಳಪಿಗಾಗಿ ಆಸೆಪಡುವುದು ಸಹಜವೆನ್ನೋಣ. ಹೊಳಪಿಲ್ಲದಿರುವಿಕೆಯೂ ಆಸೆಗೆ ವಿಷಯವಾಯಿತು. ಆಚಾರ್ಯ ಉಮಾಸ್ವಾಮಿಗಳು ಪರಿಗ್ರಹವನ್ನು ವಸ್ತುವಿನ ಹೆಸರಿನಿಂದ ಹೇಳದೆ ಮೂರ್ಛೆಯೆಂಬ ಮನೋಭಾವದಿಂದ ಲಕ್ಷಣ ಹೇಳಿದ್ದು ಏಕೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಈಗ ಪ್ರಕೃತ ವಿಷಯಕ್ಕೆ ಬರೋಣ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪರಿಗ್ರಹ ಪರಿಮಾಣಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಅತಿಸಂಗ್ರಹ, ಲೋಭಗಳ ಜೊತೆಗೆ ವಿಸ್ಮಯವೆಂಬುದೂ ಒಂದಾಗಿದೆ. ಅಚ್ಚರಿಪಡುವುದರಲ್ಲಿ ದೋಷವೇನೆಂದು ಓದುಗರು ಕೇಳಬಹುದು. ವ್ಯಾಖ್ಯಾನದ ತಾತ್ಪರ್ಯ ಹೀಗಿದೆ: ತನಗೆ ಒಪ್ಪಿಗೆಯಾದ ಲಾಭಕ್ಕೆ ವಸ್ತುವನ್ನು ಮಾರಿದ ಮೇಲೆ, ಅದರಿಂದ ಇನ್ನೂ ಹೆಚ್ಚು ಹಣ ದೊರೆಯುತ್ತಿತ್ತೆಂದು ಕಂಡು ಲೋಭದ ಆವೇಶದಿಂದ ಬೆರಗಾಗಿ ವಿಷಾದಪಡುವುದೇ ವಿಸ್ಮಯ. ವಸ್ತು ಕೈಬಿಟ್ಟಿದೆ, ಮಿತಿಯ ಲೆಕ್ಕದಲ್ಲಿ ಒಂದು ಕಾಸೂ ಹೆಚ್ಚಾಗಿಲ್ಲ. ಆದರೂ ವ್ರತಕ್ಕೆ ಮಲಿನತೆ ತಗಲಿತು. ಆಚಾರ್ಯರ ಸೂಕ್ಷ್ಮದೃಷ್ಟಿ ಎಂಥದೆಂಬುದನ್ನು ಇಲ್ಲಿ ಮನಗಾಣಬೇಕು.

ಒಂದು ದೃಷ್ಟಾಂತವನ್ನು ಕಲ್ಪಿಸಿಕೊಳ್ಳೋಣ. ರಾಬರ್ಟ್‌ಸನ್‌ಪೇಟೆಯ ಒಂದು ಮನೆಯಲ್ಲಿ, ಗಣಿಯಲ್ಲಿ ದುಡಿದ ಹಿರಿಯರು ಬಿಟ್ಟುಹೋದ ಪೆಟ್ಟಿಗೆಯಲ್ಲಿ ಹತ್ತು ಸವೆದ ರೂಪಾಯಿಗಳಿವೆ. ಮಗಳ ಓದಿನ ಖರ್ಚಿಗಾಗಿ ಆ ಮನೆಯ ತಾಯಿ ಅವನ್ನು ಬಂಗಾರಪೇಟೆಯ ಅಂಗಡಿಗೆ ಒಯ್ದು ಬೆಳ್ಳಿಯ ತೂಕಕ್ಕೆ ಕೊಡುತ್ತಾಳೆ. ಕೊಂಡವನು ನಮ್ಮವನೇ ಆದ ಒಬ್ಬ ವ್ರತಿಯೆಂದು ಭಾವಿಸಿರಿ. ಹತ್ತರಲ್ಲಿ ಒಂದು ವಿರಳವಾದ ಇಸವಿಯದೆಂದು ಅವನ ಕಣ್ಣಿಗೆ ಬಿದ್ದಿದೆ. ಅವನು ಮಾತಾಡದೆ ತಕ್ಕಡಿಯಲ್ಲಿ ತೂಗಿ, ತೂಕದಲ್ಲಿ ಎಳ್ಳಷ್ಟೂ ಮೋಸವಿಲ್ಲದೆ ಹಣ ಎಣಿಸುತ್ತಾನೆ. ತಿಂಗಳ ನಂತರ ಅದೇ ನಾಣ್ಯ ಹರಾಜಿನಲ್ಲಿ ಹಲವು ಪಾಲು ಹೆಚ್ಚಿನ ಬೆಲೆಗೆ ಹೋಗುತ್ತದೆ.

ಆ ತಾಯಿಗೆ ಸುದ್ದಿ ತಿಳಿದು ಅವಳು ಮರುಗಿದರೆ ಅದನ್ನು ಅತಿಚಾರವೆಂದು ಬೆರಳು ತೋರುವ ಹಕ್ಕು ನಮಗಿಲ್ಲ. ಗಣಿ ಮುಚ್ಚಿದ ಮೇಲೆ ಮುಂಜಾನೆಯ ರೈಲು ಹಿಡಿದು ಬೆಂಗಳೂರಿಗೆ ದುಡಿಯಹೋಗುವ ಮನೆಗಳ ಕಷ್ಟವನ್ನು ಬಲ್ಲವರು ಹಾಗೆ ಹೇಳಲಾರರು. ಅವಳದು ಅಭಾವದ ದುಃಖ. ಆಚಾರ್ಯರು ಹೇಳಿದ್ದು ಲೋಭದ ದುಃಖವನ್ನು. ಆದರೆ ಕೊಂಡವನ ಮಾತೇನು? ತಕ್ಕಡಿ ಸರಿಯಾಗಿತ್ತೆಂಬ ಸಮಾಧಾನ ಅವನಿಗೆ ಸಲ್ಲದು. ಅವನು ಬಲ್ಲನು, ಅವಳು ಅರಿಯಳು. ಆ ಅರಿಯದಿರುವಿಕೆಯೇ ಅವನ ಲಾಭದ ಮೂಲಧನವಾಯಿತು. ಗೃಹಸ್ಥಧರ್ಮಕ್ಕೆ ಅರ್ಹನಾದವನ ಗುಣಗಳನ್ನು ಹೇಳುವಾಗ ನ್ಯಾಯದಿಂದ ಗಳಿಸಿದ ಧನವನ್ನೇ ಪಂಡಿತ ಆಶಾಧರರು ಮೊದಲು ಹೇಳಿದ್ದಾರೆ. ಜ್ಞಾನಕ್ಕೆ, ಶ್ರಮಕ್ಕೆ ತಕ್ಕ ಲಾಭವನ್ನು ಇಟ್ಟುಕೊಳ್ಳುವುದು ವ್ಯಾಪಾರಿಯ ಹಕ್ಕು. ಆದರೆ ಕೊಡುವವರಿಗೆ ಇದು ಇಂಥದೆಂದು ತಿಳಿಸಿದ ಮೇಲೆಯೇ ಆ ಹಕ್ಕು ಹುಟ್ಟುತ್ತದೆ.

ಹರಾಜಿನ ವ್ಯವಹಾರದಲ್ಲಿ ಅಚೌರ್ಯವ್ರತಕ್ಕೂ ಅಪಾಯಗಳುಂಟು. ಅದರ ಐದು ಅತಿಚಾರಗಳನ್ನು ಇಂದಿನ ಈ ವ್ಯಾಪಾರವನ್ನು ಕಂಡೇ ಹೇಳಿದರೇನೋ ಎನ್ನಿಸುತ್ತದೆ. ಮಾರುವವನು ತನ್ನ ಗೆಳೆಯರಿಂದಲೇ ಸುಳ್ಳು ಬೆಲೆ ಕೂಗಿಸಿ ಬೆಲೆ ಏರಿಸುವುದು ಅನ್ಯರನ್ನು ವಂಚನೆಗೆ ಪ್ರೇರಿಸುವ ಸ್ತೇನಪ್ರಯೋಗಕ್ಕೆ ಸಮಾನ. ನೆಲದಲ್ಲಿ ಸಿಕ್ಕಿದ ನಿಧಿಯನ್ನು ಸರ್ಕಾರಕ್ಕೆ ತಿಳಿಸದೆ ಮಾರಿದ್ದನ್ನು ಅರಿತೂ ಕೊಳ್ಳುವುದು ತದಾಹೃತಾದಾನ. ನೂರು ವರ್ಷ ಮೀರಿದ ನಾಣ್ಯವು 1972ರ ಕಾಯಿದೆಯಂತೆ ಪುರಾವಸ್ತು. ಅದನ್ನು ಖಾಸಗಿಯಾಗಿ ಹೊರದೇಶಕ್ಕೆ ಸಾಗಿಸುವುದು ವಿರುದ್ಧರಾಜ್ಯಾತಿಕ್ರಮ. ಸ್ಥಿತಿಯನ್ನು ಇರುವುದಕ್ಕಿಂತ ಮೇಲಾಗಿ ವರ್ಣಿಸುವುದು ಹೀನಾಧಿಕಮಾನೋನ್ಮಾನ. ಇಸವಿಯ ಅಂಕೆಯನ್ನು ತಿದ್ದಿ ಸಾಧಾರಣವನ್ನು ವಿರಳವೆಂದು ಮಾರುವುದು ಪ್ರತಿರೂಪಕವ್ಯವಹಾರ. ಹಳೆಯ ನಾಣ್ಯಗಳನ್ನು ಕೊಳ್ಳುತ್ತೇವೆಂದು ರಿಸರ್ವ್ ಬ್ಯಾಂಕಿನ ಹೆಸರು, ಚಿಹ್ನೆಗಳನ್ನು ಬಳಸಿ ಜನರಿಂದ ಶುಲ್ಕ, ಕಮಿಷನ್, ತೆರಿಗೆಯೆಂದು ಹಣ ಕೀಳುವವರ ವಿಷಯದಲ್ಲಿ 2021ರ ಆಗಸ್ಟ್‌ನಲ್ಲಿ ಆ ಬ್ಯಾಂಕೇ ಸಾರ್ವಜನಿಕರಿಗೆ ಎಚ್ಚರಿಕೆ ಕೊಟ್ಟಿತು. ಬೆಲೆಯ ವಿಸ್ಮಯವು ಮನಸ್ಸನ್ನು ಹಿಡಿದಾಗ ವಿವೇಕ ಜಾರುತ್ತದೆ. ವಂಚಕನಿಗೆ ಬೇಕಾದದ್ದು ಅಷ್ಟೇ.

ಇನ್ನು ಉಪವಾಸವ್ರತಿಗಳಿಗೆ ಒಂದು ಮಾತು. ಅಷ್ಟಮಿ ಚತುರ್ದಶಿಗಳಲ್ಲಿ ಪ್ರೋಷಧವನ್ನು ಹಿಡಿದು, ಇಂದು ಈ ಮನೆಯ ಎಲ್ಲೆಯನ್ನು ದಾಟೆನೆಂದು ದೇಶವ್ರತವನ್ನೂ ಕೈಗೊಳ್ಳುವವರುಂಟು. ಅನ್ನನೀರುಗಳನ್ನು ಬಿಟ್ಟು ಕುಳಿತಿದ್ದರೂ, ರಾತ್ರಿ ಹರಾಜು ಮುಗಿಯುವ ಗಳಿಗೆಗೆ ಕಾದು ಮುಂಬಯಿಯ ನಾಣ್ಯಕ್ಕೆ ಬೆರಳ ತುದಿಯಿಂದ ಬೆಲೆ ಕೂಗಿದರೆ ಆ ವ್ರತದ ಗತಿಯೇನು? ಎಲ್ಲೆಯ ಹೊರಗಿನ ವಸ್ತುವನ್ನು ತರಿಸುವ ಆನಯನ, ಹೊರಗಿನವರಿಗೆ ದನಿಯಿಂದ ಅಥವಾ ರೂಪದಿಂದ ಸನ್ನೆ ಮಾಡುವ ಶಬ್ದಾನುಪಾತ ರೂಪಾನುಪಾತಗಳನ್ನು ದೇಶವ್ರತದ ಅತಿಚಾರಗಳೆಂದು ಆಗಮವು ಹೇಳಿದೆ. ಕಾಲು ಹೊಸ್ತಿಲು ದಾಟಲಿಲ್ಲವೆಂಬುದು ನಿಜ. ಆದರೆ ಮೂರ್ಛೆ ದಾಟಿತು. ಹೊಟ್ಟೆಯ ಉಪವಾಸಕ್ಕೆ ಆಸೆಯ ಪಾರಣೆ ಕೂಡದು.

ನಮ್ಮ ಬಸದಿಗಳಲ್ಲಿಯೂ ಅಭಿಷೇಕದ ಕಲಶಗಳಿಗೆ ಸವಾಲು ನಡೆಯುವುದಿಲ್ಲವೇ ಎಂದು ಕೆಲವರು ಕೇಳಬಹುದು. ನಡೆಯುತ್ತದೆ. ಅಲ್ಲಿ ಕೂಗಿದ ಹಣ ಕೈಬಿಡುವುದಕ್ಕಾಗಿ, ಇಲ್ಲಿ ಕೂಗಿದ ಹಣ ಕೈಗೆ ತಂದುಕೊಳ್ಳುವುದಕ್ಕಾಗಿ. ಅಲ್ಲಿಯೂ ಪಕ್ಕದವನನ್ನು ಸೋಲಿಸುವ ಮಾನಕಷಾಯ ಸೇರಿದರೆ ದಾನದ ಫಲ ಕುಂದುವುದೆಂಬುದನ್ನು ಮರೆಯಬಾರದು.

ಹಾಗಾದರೆ ಮೊದಲು ಎತ್ತಿದ ಪ್ರಶ್ನೆಗೆ ಉತ್ತರವೇನು? ಚಲಾವಣೆಯಿಲ್ಲದ ನಾಣ್ಯ ಹಣವಲ್ಲ, ಆದ್ದರಿಂದ ನನ್ನ ಮಿತಿಯ ಹೊರಗೆಂದು ಒಬ್ಬನು ವಾದಿಸಬಹುದು. ಬೆಳ್ಳಿಯ ತೂಕಕ್ಕೆ ಮಾತ್ರ ಎಣಿಸುತ್ತೇನೆಂದು ಇನ್ನೊಬ್ಬನು ಹೇಳಬಹುದು. ಎರಡೂ ವ್ರತವನ್ನು ಉಳಿಸಿಕೊಂಡಂತೆ ತೋರಿಸಿ ಆಸೆಯನ್ನೂ ಉಳಿಸಿಕೊಳ್ಳುವ ಉಪಾಯಗಳು. ಎಣಿಕೆಯ ಸರಳ ಮಾರ್ಗ ಇಷ್ಟೇ: ಯಾವ ಬೆಲೆಗೆ ಕೇಳಿದರೆ ನೀವು ಮರುಮಾತಿಲ್ಲದೆ ಕೊಟ್ಟುಬಿಡುವಿರೋ, ಆ ಬೆಲೆಯನ್ನೇ ಪರಿಮಾಣದ ಪುಸ್ತಕದಲ್ಲಿ ಬರೆಯಿರಿ. ಮನಸ್ಸು ಸಾವಿರಕ್ಕೆ ಒಪ್ಪದೆ ಹತ್ತು ಸಾವಿರ ಕೇಳುವುದಾದರೆ ಅದು ಹತ್ತು ಸಾವಿರದ ಪರಿಗ್ರಹ. ಯಾವ ಬೆಲೆಗೂ ಕೊಡಲಾರೆನೆಂದರೆ ಅದಕ್ಕೆ ಮಿತಿಯೇ ಇಲ್ಲವಾಯಿತು. ಅಂಥದು ವ್ರತಿಯ ಮನೆಯಲ್ಲಿ ಇರತಕ್ಕದ್ದಲ್ಲ.

ನಾಣ್ಯಗಳ ಅಧ್ಯಯನವನ್ನು ಹಳಿಯುವುದು ಈ ಲೇಖನದ ಉದ್ದೇಶವಲ್ಲ. ಕುವಲಾಲವೆಂದು ಹೆಸರಾಗಿದ್ದ ಈ ಕೋಲಾರವನ್ನು ಆಳಿದ ಗಂಗರ ಕಾಲದಿಂದ ಮೈಸೂರು ಅರಸರವರೆಗಿನ ಇತಿಹಾಸವನ್ನು ಅರಿಯಲು ನಾಣ್ಯಗಳು ಶಾಸನಗಳಂತೆಯೇ ಸಾಕ್ಷಿಗಳು. ಅರಿಯುವುದಕ್ಕೆ ಒಡೆತನ ಅಗತ್ಯವಲ್ಲ. ವಸ್ತುಸಂಗ್ರಹಾಲಯದ ಗಾಜಿನಾಚೆಯ ನಾಣ್ಯವೂ ಪಾಠ ಹೇಳುತ್ತದೆ. ಕೂಡಿಸುವ ಅಭಿರುಚಿ ಇರುವವರು ವರ್ಷಕ್ಕೆ ಇಷ್ಟೇ ಎಂದು ಮೊದಲೇ ಬರೆದಿಡಲಿ. ಕೂಗು ಆರಂಭವಾದ ಮೇಲೆ ಆ ಅಂಕೆಯನ್ನು ತಿದ್ದದಿರಲಿ. ಪರ್ವದಿನಗಳಲ್ಲಿ ಹರಾಜಿನಿಂದ ದೂರವಿರಲಿ. ಅರಿಯದವರಿಂದ ಕೊಳ್ಳುವಾಗ ಅರಿತದ್ದನ್ನು ಹೇಳಿ ಕೊಳ್ಳಲಿ. ಮಾರಿದ ಮೇಲೆ ಅದರ ಬೆಲೆಯನ್ನು ಹಿಂಬಾಲಿಸಿ ನೋಡದಿರಲಿ.

ಆ ರೂಪಾಯಿ ಸವೆದದ್ದು ಹೇಗೆಂಬುದನ್ನು ಕೊನೆಯದಾಗಿ ಚಿಂತಿಸಬೇಕು. ಕೂಲಿಯಾಗಿ, ದವಸದ ಬೆಲೆಯಾಗಿ, ಮದುವೆಯ ಮುಯ್ಯಾಗಿ, ಕಾಣಿಕೆಯಾಗಿ ಅದು ಕೈಯಿಂದ ಕೈಗೆ ನಡೆದುದರಿಂದ ಸವೆಯಿತು. ಯಾರೂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳಲಿಲ್ಲವಾದ್ದರಿಂದಲೇ ಅದರ ಮುದ್ರೆ ಅಳಿಯಿತು. ಎಲ್ಲರ ಅಗತ್ಯಕ್ಕೂ ಒದಗಿ ಯಾರಲ್ಲಿಯೂ ನಿಲ್ಲದ ಅಂಥ ನಾಣ್ಯವನ್ನು ಕಂಡಾಗ ಬೆಲೆಯನ್ನು ನೆನೆದು ವಿಸ್ಮಯಪಡದೆ, ನಮ್ಮ ಪರಿಮಾಣದ ಪುಸ್ತಕವನ್ನು ತೆರೆದು ನೋಡುವ ಬುದ್ಧಿ ನಮ್ಮೆಲ್ಲರಿಗೂ ಉಂಟಾಗಲಿ.

ಇತಿ ಶುಭಂ.