ಯಾರ ನಡೆ?

ನಮ್ಮ ಊರಿನ ಅಂಧ ಮಕ್ಕಳ ಶಾಲೆಯಲ್ಲಿ ಶನಿವಾರ ಮಧ್ಯಾಹ್ನ ಚೆಸ್ ಆಡುತ್ತಾರೆ. ಅದು ನಾನು ಮನೆಗೆ ಹೋಗುವ ದಾರಿಯಲ್ಲೇ ಇದೆ. ಹೀಗಾಗಿ ತಂಡ ಕಟ್ಟುವುದು, ನಡೆ ಬರೆದಿಡುವುದು, ಚಹಾ ತರಿಸುವುದು ಎಲ್ಲ ನನ್ನ ಪಾಲಿಗೆ ಬಂತು. ಮೇಷ್ಟರಾದವರಿಗೆ ಉಸ್ತುವಾರಿಗಿಂತ ಪ್ರಿಯವಾದ ಕೆಲಸ ಇನ್ನೊಂದುಂಟೆ?

ಆ ಮಣೆಯನ್ನು ನೀವು ನೋಡಿರಲಿಕ್ಕಿಲ್ಲ. ಕಪ್ಪು ಮನೆಗಳು ತುಸು ಎತ್ತರ, ಬಿಳಿಯವು ತಗ್ಗು. ಮನೆಗೊಂದು ತೂತು, ಕಾಯಿಯ ಬುಡಕ್ಕೊಂದು ಮೊಳೆ. ಕಪ್ಪು ಕಾಯಿಗಳಿಗೆ ಬೆರಳಿಗೆ ಸಿಗುವ ಗುರುತು. ಎರಡೂ ಕಡೆಗೆ ಒಂದೊಂದು ಮಣೆ. ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಸಾಲುಗಳಿಗೆ ಅನ್ನಾ, ಬೆಲ್ಲಾ ಎಂದು ಜರ್ಮನ್ ಕಡೆಯ ಹೆಸರುಗಳು. 'ಅನ್ನ ಆಯ್ತು, ಬೆಲ್ಲ ಬಂತು, ತುಪ್ಪ ಎಲ್ಲಿ ಮಿಸ್?' ಎಂದು ಮಕ್ಕಳು ನಗುತ್ತಾರೆ. ನಮ್ಮ ಆಟದಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಇವರಿಗೆ ಮುಟ್ಟುವುದೇ ನೋಡುವುದು. ಆದ್ದರಿಂದ ತೂತಿನಿಂದ ಕಿತ್ತಾಗ ಮಾತ್ರ ಮುಟ್ಟಿದ ಲೆಕ್ಕ.

ಅಂಧರ ಮೊದಲ ಚೆಸ್ ಒಲಿಂಪಿಯಾಡ್ 1961ರಲ್ಲೇ ಜರ್ಮನಿಯಲ್ಲಿ ನಡೆಯಿತು. ನಮ್ಮ ಶಿವಮೊಗ್ಗದ ಕಿಶನ್ ಗಂಗೊಳ್ಳಿ ರಾಷ್ಟ್ರೀಯ ಚಾಂಪಿಯನ್ ಆದದ್ದು ಈ ಮಕ್ಕಳಿಗೆ ಬಾಯಿಪಾಠ. ಇದನ್ನೆಲ್ಲ ಕಲಿಸಿದವರು ಟೆಲಿಫೋನ್ ಆಪರೇಟರಾಗಿ ನಿವೃತ್ತರಾದ ಹಿರಿಯರೊಬ್ಬರು, ಅವರೂ ಅಂಧರೇ. ಮೂರು ಮೂರು ಮಕ್ಕಳ ತಂಡ ಮಾಡಿ, ಪಿಸುಮಾತಿನಲ್ಲಿ ಚರ್ಚಿಸಿ ಒಂದೇ ನಡೆ ಹೇಳುವ ಆಟ ಅವರ ಯೋಚನೆ. ತಾವು ಪಕ್ಕದಲ್ಲಿ ಕೂತು ಒಂದೇ ಪ್ರಶ್ನೆ ಕೇಳುತ್ತಾರೆ: 'ಎದುರಿನವರಿಗೆ ಈಗ ಏನು ಬೇಕು, ಹೇಳಿ.' ನಡೆ ಹೇಳಿಕೊಡುವುದಿಲ್ಲ. ಒಳಗೊಳಗೇ ನನಗೆ, ಗೊತ್ತಿದ್ದೂ ಹೇಳದ ಇವರು ಎಂಥ ಗುರು ಅನ್ನಿಸುತ್ತಿತ್ತು.

ಒಂದು ದಿನ ಏಳನೇ ತರಗತಿಯ ಹುಡುಗಿಯ ತಂಡ ಮಂತ್ರಿಯನ್ನು ನಡೆಸುವುದೆಂದು ತೀರ್ಮಾನಿಸಿತು. ನಡೆಸಿದ್ದರೆ ನೇರ ಒಂಟೆಯ ಬಾಯಿಗೆ. ಅವಳ ಬೆರಳು ಮಂತ್ರಿಯ ಮೇಲಿತ್ತು, ಇನ್ನೂ ಕಿತ್ತಿರಲಿಲ್ಲ. ನಾನು ಸದ್ದಿಲ್ಲದೆ ಅವಳ ಕೈಯನ್ನು ಎತ್ತಿ ಆನೆಯ ಮೇಲಿಟ್ಟೆ. ಅವಳು ಒಂದು ಗಳಿಗೆ ತಡೆದು ಆನೆಯನ್ನು ಕಿತ್ತಳು. ಅವರು ಗೆದ್ದರು, ಚಪ್ಪಾಳೆಯೂ ಆಯಿತು. ಯಾರೂ ನೋಡಿರಲಿಲ್ಲ. ನೋಡುವವಳು ಆ ಕೋಣೆಯಲ್ಲಿ ನಾನೊಬ್ಬಳೇ ತಾನೆ? ಆ ಮಾತು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಹುಡುಗಿ ಚಹಾ ಕುಡಿಯಲಿಲ್ಲ. 'ಮಿಸ್, ಅದು ನಮ್ಮ ನಡೆ ಅಲ್ಲ' ಎಂದಳು. ಮುಂದಿನ ವಾರ ಎದುರು ತಂಡಕ್ಕೂ ಹೇಳಿಬಿಟ್ಟಳು. ನನ್ನ ಹೆಸರು ಹೇಳದೆ, 'ನನಗೆ ಹೊರಗಿಂದ ಸಹಾಯ ಬಂತು' ಎಂದು. ನಾನು ಬರೆದಿಟ್ಟ ನಡೆಗಳನ್ನು ಓದಿಸಿ, ಅಲ್ಲಿಂದಲೇ ಆಟ ಮತ್ತೆ ಹೂಡಿದರು. ಮಂತ್ರಿ ನಡೆಯಿತು, ಮಂತ್ರಿ ಹೋಯಿತು, ಆಟವೂ ಹೋಯಿತು. ಅನಂತರ ಮೂವರೂ ಮಣೆ ತಡವುತ್ತಾ ಎಲ್ಲಿ ತಪ್ಪಿತೆಂದು ಅರ್ಧ ಗಂಟೆ ಜಗಳವಾಡಿದರು. ಗೆದ್ದ ದಿನ ಆ ಜಗಳ ಇರಲಿಲ್ಲ.

ಹಿರಿಯರಲ್ಲಿ ತಪ್ಪೊಪ್ಪಿಕೊಂಡೆ. ಹಾಗಾದರೆ ಕಣ್ಣೆದುರೇ ಬೀಳುವವರನ್ನು ಬೀಳಲು ಬಿಡಬೇಕೆ ಎಂದು ವಾದಕ್ಕೂ ನಿಂತೆ. ಅವರು ನಕ್ಕು, ಬಸ್‌ಸ್ಟ್ಯಾಂಡಿಗೆ ಹೋಗೋಣ ಬನ್ನಿ ಎಂದರು. ನಾನು ಅಭ್ಯಾಸಬಲದಿಂದ ಅವರ ರಟ್ಟೆ ಹಿಡಿದೆ. ಅವರು ಮೆಲ್ಲಗೆ ಬಿಡಿಸಿಕೊಂಡು ನನ್ನ ಮೊಣಕೈ ಮೇಲೆ ತಮ್ಮ ಕೈಯಿಟ್ಟರು. 'ಹೀಗಾದರೆ ಬೇಡವೆನಿಸಿದಾಗ ನಾನು ಬಿಡಬಹುದು, ಮೇಡಂ' ಎಂದರು.

ಮಗಳ ಕಾಲೇಜು, ಸೊಸೆಯ ಅಡುಗೆ, ಅತ್ತೆಯವರ ಔಷಧಿ ಎಷ್ಟೆಷ್ಟು ಕೈಗಳನ್ನು ನಾನು ಎತ್ತಿಟ್ಟಿದ್ದೇನೋ! ಅವೆಲ್ಲ ತಪ್ಪೆಂದು ಒಪ್ಪಲು ಇನ್ನೂ ಮನಸ್ಸಿಲ್ಲ. ಔಷಧಿಯ ವಿಷಯದಲ್ಲಂತೂ ಇಲ್ಲವೇ ಇಲ್ಲ.

ಶನಿವಾರ ಈಗಲೂ ಹೋಗುತ್ತೇನೆ. ಒಂದು ಕೈಯಲ್ಲಿ ಪೆನ್ನು, ಇನ್ನೊಂದರಲ್ಲಿ ನೋಟುಪುಸ್ತಕ ಬಿಗಿಯಾಗಿ ಹಿಡಿದು ಕೂರುತ್ತೇನೆ. ಮೊನ್ನೆ ಅದೇ ಹುಡುಗಿ ಕುದುರೆಯನ್ನು ತಪ್ಪು ಮನೆಗೆ ಹಾರಿಸಿದಳು. ನನ್ನ ಬಳೆ ಸದ್ದಾಯಿತು. 'ಮಿಸ್!' ಎಂದಳು, ತಲೆ ತಿರುಗಿಸದೆ.